ಬೈಟ್ ಕ್ರಮ ತಿರುಗಿದಾಗ ಮಳೆಯ ಲೆಕ್ಕ

ಕೊಡಗಿನ ಕಾಫಿ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿಯೇ ಲೆಕ್ಕ ಹಾಕುತ್ತಾರೆ. ಒಂದು ಇಂಚಿನ ನೂರನೆಯ ಒಂದು ಭಾಗವೇ ಒಂದು ಸೆಂಟು. ಮಿಲಿಮೀಟರಿಗೆ ತಂದರೆ 0.254. ಕಾಫಿ ಗಿಡದ ಹೂ ಅರಳಿಸುವ ಹೂಮಳೆ ಬೀಳುವ ಮಾರ್ಚ್ ತಿಂಗಳಲ್ಲಿ ಸಂತೆಯಲ್ಲೋ ಮದುವೆ ಮನೆಯಲ್ಲೋ ಎದುರಾದವರು "ನಿಮ್ಮಲ್ಲಿ ಹೂಮಳೆ ಎಷ್ಟಾಯಿತು ಅಣ್ಣ?" ಎಂದು ಕೇಳಿದರೆ "ಒಂದು ಇಂಚು ಇಪ್ಪತ್ತು ಸೆಂಟು" ಎಂಬಂಥ ಉತ್ತರವೇ ಬರುತ್ತದೆ, ಮಿಲಿಮೀಟರಿನಲ್ಲಿ ಉತ್ತರ ಹೇಳುವವರು ಕಡಿಮೆ. ಈಚೆಗೆ ತೋಟಗಳಲ್ಲಿ ಕಾಣಿಸಿಕೊಳ್ಳುತ್ತಿರುವ ಟಿಪ್ಪಿಂಗ್ ಬಕೆಟ್ ಮಳೆಮಾಪಕಗಳಲ್ಲಿ ಕೆಲವು ಮಾದರಿಗಳು ಈ ರೂಢಿಗೆ ಹೇಳಿ ಮಾಡಿಸಿದಂತಿವೆ: ಒಳಗಿರುವ ಪುಟ್ಟ ಬಟ್ಟಲು 0.01 ಇಂಚು ಮಳೆ ತುಂಬಿದ ಕೂಡಲೇ ಒಮ್ಮೆ ಮಗುಚಿಕೊಳ್ಳುತ್ತದೆ, ಅಂದರೆ ಒಂದು ಮಗುಚು ಒಂದು ಸೆಂಟಿಗೆ ಸಮ. ಎಣಿಕೆಯನ್ನು ಯಾವುದರಿಂದಲೂ ಗುಣಿಸಬೇಕಾಗಿಲ್ಲ, ಭಾಗಿಸಬೇಕಾಗಿಲ್ಲ.

ಇಷ್ಟು ಸರಳವಾದ ಎಣಿಕೆಯೂ ಕೆಡಬಲ್ಲ ಒಂದು ಜಾಗವಿದೆ. ಅದು ಮಾಪಕದ ಬಟ್ಟಲಲ್ಲಿಯೂ ಇಲ್ಲ, ತಂತಿಯಲ್ಲಿಯೂ ಇಲ್ಲ; ಎಣಿಕೆಯನ್ನು ಹೊತ್ತು ಬರುವ ಎರಡು ಬೈಟ್‌ಗಳು (0 ಅಥವಾ 1 ಆಗಿರುವ ಎಂಟು ಬಿಟ್‌ಗಳ ಕಟ್ಟು ಒಂದು ಬೈಟ್) ಯಾವ ಕ್ರಮದಲ್ಲಿ ಸಾಲಾಗಿ ನಿಂತಿವೆ ಎಂಬುದರಲ್ಲಿದೆ. ಪರಿಚಯದ ಕೆಲವು ಸಣ್ಣ ಬೆಳೆಗಾರರಿಗೆ ಇಂಥ ಸಾಧನಗಳ ದತ್ತಾಂಶವನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತಿರುವುದರಿಂದ, ಹೆಕ್ಸ್ ದತ್ತಾಂಶದ ಬೈಟ್ ಕ್ರಮವನ್ನು ತಿರುಗಿಸುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ, ತಿರುಗಿಸಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಹೇಗೆ ಎಂದು ಒಂದೆಡೆ ಬರೆದಿಡುತ್ತಿದ್ದೇನೆ.

ಹೆಕ್ಸಾಡೆಸಿಮಲ್ ಎಂದರೆ ಹದಿನಾರನ್ನು ಆಧಾರವಾಗಿಟ್ಟುಕೊಂಡ ಸಂಖ್ಯಾಪದ್ಧತಿ. 0ರಿಂದ 9ರವರೆಗಿನ ಅಂಕೆಗಳು ಮುಗಿದ ಮೇಲೆ ಹತ್ತರಿಂದ ಹದಿನೈದರವರೆಗಿನ ಬೆಲೆಗಳಿಗೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳು ಬರುತ್ತವೆ. ಒಂದು ಹೆಕ್ಸ್ ಅಂಕೆಯಲ್ಲಿ ನಾಲ್ಕು ಬಿಟ್‌ಗಳು, ಹೀಗಾಗಿ ಎರಡು ಹೆಕ್ಸ್ ಅಂಕೆಗಳಿಗೆ ಸರಿಯಾಗಿ ಒಂದು ಬೈಟ್. ನಮ್ಮ ಒಂದು ಇಂಚು ಇಪ್ಪತ್ತು ಸೆಂಟು, ಅಂದರೆ 120, ಹೆಕ್ಸ್‌ನಲ್ಲಿ 78 ಆಗುತ್ತದೆ (ಏಳು ಹದಿನಾರುಗಳು, ಮೇಲೊಂದು ಎಂಟು). ಒಂದು ಬೈಟ್‌ನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಎರಡೂವರೆ ಇಂಚನ್ನು ದಾಟುವ ಮಳೆ ನಮ್ಮಲ್ಲಿ ಮಳೆಗಾಲದ ಮಾಮೂಲು ಸಂಗತಿಯಾದ್ದರಿಂದ ಎಣಿಕೆಗೆ ಎರಡು ಬೈಟ್‌ಗಳನ್ನು ಮೀಸಲಿಡಲೇಬೇಕು. ಆಗ 120 ಎಂಬುದು 00 ಮತ್ತು 78 ಎಂಬ ಎರಡು ಬೈಟ್‌ಗಳಾಗುತ್ತದೆ. ಹೆಚ್ಚು ಬೆಲೆಯ ಸ್ಥಾನದಲ್ಲಿರುವ 00ವನ್ನು ಹಿರಿಯ ಬೈಟ್ ಎಂದೂ 78ನ್ನು ಕಿರಿಯ ಬೈಟ್ ಎಂದೂ ಕರೆಯೋಣ. ಹಿರಿಯದನ್ನು ಮೊದಲು ಕಳುಹಿಸಿದರೆ 00 78, ಅದು ಬಿಗ್ ಎಂಡಿಯನ್. ಕಿರಿಯದನ್ನು ಮೊದಲು ಕಳುಹಿಸಿದರೆ 78 00, ಅದು ಲಿಟಲ್ ಎಂಡಿಯನ್. ಎರಡೂ ಸರಿಯೇ. ಕಳುಹಿಸುವವರು ಒಂದನ್ನು, ಓದುವವರು ಇನ್ನೊಂದನ್ನು ಹಿಡಿದಾಗ ಮಾತ್ರ 78 00 ಎಂಬುದು 30,720 ಸೆಂಟು, ಅಂದರೆ ಮುನ್ನೂರ ಏಳು ಇಂಚು ಇಪ್ಪತ್ತು ಸೆಂಟು ಆಗಿಬಿಡುತ್ತದೆ. ಭಾಗಮಂಡಲದಲ್ಲಿ ಕೂಡ ಸಾಮಾನ್ಯ ವರ್ಷವೊಂದರಲ್ಲಿ ಅಷ್ಟು ಮಳೆ ಬೀಳುವುದಿಲ್ಲ, ಇದು ಒಂದು ಸಂಜೆಯ ಲೆಕ್ಕ.

ತಿರುಗಿಸುವ ಕ್ರಿಯೆಯಲ್ಲಿ ಗಮನಿಸಬೇಕಾದದ್ದು ಒಂದೇ: ತಿರುಗಬೇಕಾದುದು ಬೈಟ್‌ಗಳ ಸಾಲು, ಅಂಕೆಗಳ ಸಾಲಲ್ಲ. 15-08-1947 ಎಂಬ ದಿನಾಂಕವನ್ನು ವರ್ಷ ಮೊದಲಾಗಿ ಬರೆಯಿರಿ ಎಂದರೆ ಯಾರಾದರೂ 1947-08-15 ಎಂದು ಬರೆಯುತ್ತಾರೆಯೇ ಹೊರತು 7491-80-51 ಎಂದು ಬರೆಯುವುದಿಲ್ಲ. ಹಾಗೆಯೇ 12345678 ಎಂಬ ನಾಲ್ಕು ಬೈಟ್‌ಗಳ ಹೆಕ್ಸ್ ಸಾಲನ್ನು ತಿರುಗಿಸಿದರೆ 78563412 ಬರಬೇಕು, 87654321 ಬರಕೂಡದು. ಪಠ್ಯವನ್ನು ಹಿಂದುಮುಂದು ಮಾಡುವ ಸಿದ್ಧ ಸೌಲಭ್ಯಗಳಿಗೆ ಹೆಕ್ಸ್ ಸಾಲನ್ನು ಹಾಗೆಯೇ ಕೊಟ್ಟರೆ ಈ ಎರಡನೆಯ ತಪ್ಪು ಉತ್ತರವೇ ಸಿಗುತ್ತದೆ. ಮೊದಲು ಎರಡೆರಡು ಅಂಕೆಗಳಾಗಿ ಕತ್ತರಿಸಿ, ಅನಂತರ ಆ ಜೋಡಿಗಳ ಸಾಲನ್ನು ತಿರುಗಿಸಬೇಕು. ಅಂಕೆಗಳ ಸಂಖ್ಯೆ ಬೆಸವಾಗಿದ್ದರೆ, ಎಲ್ಲೋ ಮೊದಲ ಸೊನ್ನೆ ಬಿಟ್ಟುಹೋಗಿದೆ ಎಂದು ತಿಳಿದು, ಕತ್ತರಿಸುವ ಮೊದಲೇ ಎಡಗಡೆಗೆ ಒಂದು ಸೊನ್ನೆ ಸೇರಿಸಬೇಕು. ಬಲಗಡೆಗೆ ಸೇರಿಸಿದರೆ ಬೆಲೆ ಹದಿನಾರು ಪಟ್ಟಾಗುತ್ತದೆ.

ಇಷ್ಟೇ ಆಗಿದ್ದರೆ ಇದರ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು, ತಪ್ಪು ಕ್ರಮದಲ್ಲಿ ಓದಿದ ಸಂಖ್ಯೆ ಯಾವಾಗಲೂ ಮುನ್ನೂರು ಇಂಚಿನಷ್ಟು ಅಸಂಬದ್ಧವಾಗಿ ಕಾಣುವುದಿಲ್ಲ ಎಂಬ ಸಂಗತಿ. ಎಣಿಕೆ 258 ಎಂದಿಟ್ಟುಕೊಳ್ಳಿ, ಎರಡು ಇಂಚು ಐವತ್ತೆಂಟು ಸೆಂಟು. ಹೆಕ್ಸ್‌ನಲ್ಲಿ ಅದು 01 02. ತಿರುಗಿಸಿ ಓದಿದರೆ 02 01, ಅಂದರೆ 513, ಐದು ಇಂಚು ಹದಿಮೂರು ಸೆಂಟು. ಜುಲೈ ತಿಂಗಳ ಒಂದು ದಿನಕ್ಕೆ ಈ ಎರಡರಲ್ಲಿ ಯಾವುದನ್ನು ಹೇಳಿದರೂ ಕೊಡಗಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಇನ್ನೂ ಕೆಟ್ಟದ್ದು 512. ಐದು ಇಂಚು ಹನ್ನೆರಡು ಸೆಂಟಿನ ಧಾರಾಕಾರ ಮಳೆ ಹೆಕ್ಸ್‌ನಲ್ಲಿ 02 00. ತಿರುಗಿದರೆ 00 02, ಬರೀ ಎರಡು ಸೆಂಟು, ಎಲೆ ನೆನೆಯದಷ್ಟು ತುಂತುರು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದದ್ದನ್ನು ಕಂಡ ಜಿಲ್ಲೆಯಲ್ಲಿ, ಹೆಚ್ಚಿನ ಮಳೆಯನ್ನು ಕಡಿಮೆಯಾಗಿ ತೋರಿಸುವ ತಪ್ಪನ್ನು ಬರೀ ಲೆಕ್ಕದ ತಪ್ಪು ಎಂದು ಬದಿಗಿಡಲು ನನಗೆ ಮನಸ್ಸಾಗುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಮಾಡುವ ಉಪಾಯವೇ ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಬೇಸಿಗೆಯಲ್ಲಿ ಒಂದು ಸೆಂಟಿನ ಹನಿಗೆ ಎರಡು ಇಂಚು ಐವತ್ತಾರು ಸೆಂಟು, ನಾಲ್ಕು ಸೆಂಟಿಗೆ ಹತ್ತು ಇಂಚು ಇಪ್ಪತ್ತನಾಲ್ಕು ಸೆಂಟು ಎಂದು ಪರದೆಯ ಮೇಲೆ ಬಂದಾಗ, ಸೆನ್ಸರ್ ಆಗಾಗ ಕೈಕೊಡುತ್ತದೆ ಎಂದುಕೊಂಡು, ದಿನಕ್ಕೆ ಹನ್ನೆರಡು ಇಂಚಿಗಿಂತ ಹೆಚ್ಚು ಬಂದ ರೀಡಿಂಗ್‌ಗಳನ್ನು ಕೈಬಿಡುವಂತೆ ಒಂದು ಜರಡಿಯನ್ನು ಹಾಕಿಬಿಡುತ್ತಾರೆ. ಕ್ರಮ ತಿರುಗಿರುವ ದತ್ತಾಂಶದಲ್ಲಿ ಈ ಜರಡಿಯನ್ನು ದಾಟಿ ಬರುವುದು, ನಿಜವಾದ ಎಣಿಕೆಯ ಕಿರಿಯ ಬೈಟ್ 0ರಿಂದ 4ರೊಳಗೆ ಇದ್ದ ರೀಡಿಂಗ್‌ಗಳು ಮಾತ್ರ. ಉಳಿದುದೆಲ್ಲ ಕಸದ ಬುಟ್ಟಿಗೆ ಹೋಗುತ್ತದೆ. ಅಂದರೆ ತಪ್ಪೆಂದು ಎದ್ದು ಕಾಣುತ್ತಿದ್ದ ಸಂಖ್ಯೆಗಳನ್ನೆಲ್ಲ ತೆಗೆದುಹಾಕಿ, ನಂಬುವಂತೆ ಕಾಣುವ ತಪ್ಪುಗಳನ್ನಷ್ಟೇ ಜೋಪಾನವಾಗಿ ಉಳಿಸಿಕೊಂಡಂತಾಯಿತು. ಅದರ ಜೊತೆಗೆ 00 00, 01 01 ಮುಂತಾದ, ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಬೆಲೆಗಳೂ ಉಳಿಯುತ್ತವೆ. ಮಳೆಯಿಲ್ಲದ ದಿನ ಸೊನ್ನೆ ಸರಿಯಾಗಿಯೇ ಬರುತ್ತಿರುವುದರಿಂದ ವ್ಯವಸ್ಥೆಯ ಮೇಲಿನ ನಂಬಿಕೆಗೆ ಚ್ಯುತಿ ಬರುವುದಿಲ್ಲ. ಆದಕಾರಣ ಬೆಲೆ ನಂಬುವಂತಿದೆಯೇ ಎಂದು ನೋಡಿ ಬೈಟ್ ಕ್ರಮವನ್ನು ತೀರ್ಮಾನಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಯಾವುದನ್ನು ನೋಡಿ ತೀರ್ಮಾನಿಸಬೇಕು? ಬೆಲೆಯನ್ನಲ್ಲ, ಚಲನೆಯನ್ನು. ಮಳೆ ಸುರಿಯುತ್ತಿರುವಾಗ ಕಾಲುಗಂಟೆಗೊಮ್ಮೆ ಬಂದ ಕಚ್ಚಾ ಹೆಕ್ಸ್ ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿ: 78 00, 79 00, 81 00, 93 00. ಮೊದಲ ಬೈಟ್ ಓಡುತ್ತಿದೆ, ಎರಡನೆಯದು ಕದಲುತ್ತಿಲ್ಲ. ಒಂದೊಂದಾಗಿ ಏರುವ ಎಣಿಕೆಯಲ್ಲಿ ಬೇಗ ಬದಲಾಗುವುದು ಯಾವಾಗಲೂ ಕಿರಿಯ ಸ್ಥಾನ. ಆದ್ದರಿಂದ ಇಲ್ಲಿ ಕಿರಿಯ ಬೈಟ್ ಮೊದಲು ಬರುತ್ತಿದೆ. ಇದಕ್ಕೆ ಇನ್ನೂ ಗಟ್ಟಿಯಾದ ಪುರಾವೆ ಬೇಕಾದರೆ ದಶಕ ಸಾಗುವ ಘಳಿಗೆಗಾಗಿ ಕಾಯಬೇಕು: ಎಫ್9 00 ಆದ ಮೇಲೆ 04 01 ಬಂದರೆ, ಓಡುತ್ತಿದ್ದ ಬೈಟ್ ತುಂಬಿ ಮರಳಿ ಸೊನ್ನೆಯಿಂದ ಶುರುವಾದ ಕ್ಷಣದಲ್ಲಿಯೇ ಪಕ್ಕದ ಬೈಟ್ ಒಂದು ಹೆಜ್ಜೆ ಏರಿತು ಎಂದರ್ಥ, 249ರಿಂದ 260. ಇನ್ನು ಸಂದೇಹಕ್ಕೆ ಎಡೆಯಿಲ್ಲ. ಕಚ್ಚಾ ಹೆಕ್ಸ್ ಕೈಗೆ ಸಿಗದೆ, ದಶಮಾನಕ್ಕೆ ತಿರುಗಿಸಿದ ಸಂಖ್ಯೆಗಳಷ್ಟೇ ಸಿಕ್ಕರೂ ಇದೇ ಸಂಗತಿಯನ್ನು ಬೇರೆ ರೂಪದಲ್ಲಿ ಕಾಣಬಹುದು: ತಿರುಗಿ ಓದಿದ ಎಣಿಕೆ ಸಣ್ಣ ಮಳೆಯಲ್ಲಿ 30,720, 30,976, 33,024 ಎಂದು ಏರುತ್ತದೆ, ಮತ್ತು ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ 256ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಮಳೆ 256 ಸೆಂಟುಗಳ ಮೆಟ್ಟಿಲು ಹತ್ತಿ ಬರುವುದಿಲ್ಲ.

ಇದಾದ ಮೇಲೆ ಬರುವ ಪ್ರಶ್ನೆ, ಏನನ್ನು ತಿರುಗಿಸಬೇಕು ಎಂಬುದು. ಸಾಧನ ಕಳುಹಿಸುವ ಸಂದೇಶದಲ್ಲಿ ಮಳೆಯ ಎಣಿಕೆಯ ಜೊತೆಗೆ ಉಷ್ಣಾಂಶವೂ ಇರುತ್ತದೆ ಎಂದುಕೊಳ್ಳಿ, ಅದೂ ಎರಡು ಬೈಟ್, ಒಂದು ಡಿಗ್ರಿಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಬಂದ ಸಂದೇಶ 78 00 96 00. ಪ್ರತಿಯೊಂದು ಜೋಡಿಯನ್ನೂ ಅದರದರ ಜಾಗದಲ್ಲಿಯೇ ತಿರುಗಿಸಿದರೆ 00 78 ಮತ್ತು 00 96 ಸಿಗುತ್ತವೆ: ಮಳೆ ಒಂದು ಇಂಚು ಇಪ್ಪತ್ತು ಸೆಂಟು, ಉಷ್ಣಾಂಶ 15.0 ಡಿಗ್ರಿ. ಆದರೆ "ಸಂದೇಶವನ್ನು ತಿರುಗಿಸಬೇಕು" ಎಂದು ಯಾರೋ ಹೇಳಿದ್ದನ್ನು ಅಕ್ಷರಶಃ ಪಾಲಿಸಿ ನಾಲ್ಕು ಬೈಟ್‌ಗಳನ್ನೂ ಒಟ್ಟಿಗೆ ತಿರುಗಿಸಿದರೆ 00 96 00 78 ಆಗುತ್ತದೆ. ಮೊದಲ ಜೋಡಿ ಮಳೆ ಎಂಬ ಲೆಕ್ಕದಲ್ಲಿಯೇ ಓದಿದರೆ ಮಳೆ ಒಂದು ಇಂಚು ಐವತ್ತು ಸೆಂಟು, ಉಷ್ಣಾಂಶ 12.0 ಡಿಗ್ರಿ. ಮಡಿಕೇರಿಯ ಸುತ್ತಲಿನ ಒಂದು ಚಳಿಯ ದಿನಕ್ಕೆ ಎರಡೂ ಒಪ್ಪುತ್ತವೆ! ಬೈಟ್‌ಗಳ ಒಳಕ್ರಮ ಸರಿಯಾಯಿತು, ಆದರೆ ಮಳೆ ಹೋಗಿ ಉಷ್ಣಾಂಶದ ಕುರ್ಚಿಯಲ್ಲಿ ಕೂತಿತು. ಏನನ್ನೂ ತಿರುಗಿಸದೆ ಬಿಟ್ಟಿದ್ದರೆ ಉಷ್ಣಾಂಶದ 96 00 ಎಂಬುದು ಚಿಹ್ನೆಸಹಿತ ಸಂಖ್ಯೆಯಾಗಿ ಮೈನಸ್ 2713.6 ಡಿಗ್ರಿ ಎಂದು ಬರುತ್ತಿತ್ತು, ಪರಮ ಶೂನ್ಯವೇ ಮೈನಸ್ 273.15 ಆಗಿರುವಾಗ ಅದನ್ನು ನೋಡಿದವರು ತಕ್ಷಣ ಎಚ್ಚೆತ್ತುಕೊಳ್ಳುತ್ತಿದ್ದರು. ಅರ್ಧ ಸರಿಪಡಿಸಿದ ದತ್ತಾಂಶ ಪೂರ್ತಿ ಕೆಟ್ಟ ದತ್ತಾಂಶಕ್ಕಿಂತ ಹೆಚ್ಚು ದಿನ ಬದುಕುತ್ತದೆ. ತಿರುಗಿಸುವ ಘಟಕ ಸಂದೇಶವಲ್ಲ, ಅದರೊಳಗಿನ ಒಂದೊಂದು ಸಂಖ್ಯೆ.

ಸಂಖ್ಯೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಸಂಖ್ಯೆಯಲ್ಲದ ಬೈಟ್‌ಗಳಿಗೆ ಹಿರಿಯ ಕಿರಿಯ ಎಂಬ ಭೇದವಿಲ್ಲ. ಮೊಬೈಲ್ ಸಿಗ್ನಲ್ ಸಿಗದ ತೋಟಗಳಲ್ಲಿ, ಸಣ್ಣ ಸಂದೇಶಗಳನ್ನು ರೇಡಿಯೊ ಮೂಲಕ ದೂರಕ್ಕೆ ಕಳುಹಿಸುವ ಲೋರಾವಾನ್ ಜಾಲವನ್ನು ಬಳಸುವುದುಂಟು. ಭಾರತದಲ್ಲಿ ಅದು 865ರಿಂದ 867 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಪ್ರತಿ ಸಾಧನಕ್ಕೆ ಎಂಟು ಬೈಟ್‌ಗಳ ಒಂದು ಗುರುತುಸಂಖ್ಯೆಯೂ ಹದಿನಾರು ಬೈಟ್‌ಗಳ ಒಂದು ಗುಪ್ತ ಕೀಲಿಯೂ ಇರುತ್ತವೆ. ಗುರುತುಸಂಖ್ಯೆ ಗಾಳಿಯಲ್ಲಿ ಕಿರಿಯ ಬೈಟ್ ಮೊದಲಾಗಿ ಸಾಗುತ್ತದೆ, ಆದರೆ ಪೆಟ್ಟಿಗೆಯ ಮೇಲೆ ಮತ್ತು ಸರ್ವರಿನ ಪುಟದಲ್ಲಿ ಹಿರಿಯದು ಮೊದಲಾಗಿ ಬರೆದಿರುತ್ತದೆ. ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಫಲಕದಲ್ಲಿ ಲೋರಾವಾನ್‌ಗೆ ಹೆಚ್ಚಾಗಿ ಬಳಸುವ ಎಲ್‌ಎಂಐಸಿ ಲೈಬ್ರರಿಯ ಮಾದರಿ ಪ್ರೋಗ್ರಾಮ್‌ಗಳಲ್ಲಿ ಗುರುತುಸಂಖ್ಯೆಯನ್ನು ತಿರುಗಿಸಿ ಬರೆಯಬೇಕು, ಕೀಲಿಯನ್ನು ಇದ್ದ ಹಾಗೆಯೇ ಬರೆಯಬೇಕು. ಒಂದೇ ಪುಟದಿಂದ ಒಂದರ ಕೆಳಗೊಂದು ನಕಲು ಮಾಡಿಕೊಂಡ ಎರಡು ಹೆಕ್ಸ್ ಸಾಲುಗಳಲ್ಲಿ ಒಂದನ್ನು ಮಾತ್ರ ತಿರುಗಿಸಬೇಕೆಂಬುದು ಹೊಸಬರಿಗೆ ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ. ಕಾರಣ ಇಷ್ಟೇ: ಕೀಲಿ ಒಂದು ಸಂಖ್ಯೆಯಲ್ಲ, ಅದು ಕೊಟ್ಟ ಕ್ರಮದಲ್ಲಿಯೇ ಬಳಸಬೇಕಾದ ಬೈಟ್‌ಗಳ ಕಟ್ಟು.

ಎರಡು ಕ್ರಮಗಳು ಯಾಕೆ ಹುಟ್ಟಿದವು ಎಂಬುದಕ್ಕೆ ಬಹಳ ಜಾಗ ಕೊಡುವುದಿಲ್ಲ. 1964ರಲ್ಲಿ ಬಂದ ಐಬಿಎಂನ ಸಿಸ್ಟಮ್ 360 ಹಿರಿಯ ಬೈಟನ್ನು ಮೊದಲಿಟ್ಟಿತು, ನಾವು ಕಾಗದದ ಮೇಲೆ ಸಂಖ್ಯೆ ಬರೆಯುವ ಹಾಗೆ. ಡೇಟಾಪಾಯಿಂಟ್ 2200 ಎಂಬ ಯಂತ್ರ ಬಿಟ್‌ಗಳನ್ನು ಒಂದೊಂದಾಗಿ ಸಂಸ್ಕರಿಸುತ್ತಿತ್ತು. ಕೂಡುವ ಲೆಕ್ಕ ಕಿರಿಯ ಸ್ಥಾನದಿಂದ ಆರಂಭವಾಗಬೇಕಾದ್ದರಿಂದ ಕಿರಿಯದು ಮೊದಲು ಬರುವುದು ಅದಕ್ಕೆ ಅನುಕೂಲವಾಗಿತ್ತು. ಆ ಯಂತ್ರದ ಆದೇಶಗಳನ್ನೇ ಅನುಸರಿಸಿ ರೂಪಿಸಿದ ಇಂಟೆಲ್ 8008 ಚಿಪ್ 1972ರಲ್ಲಿ ಬಂತು, ಅದರ ವಂಶದಲ್ಲಿ ಬಂದ ಇಂದಿನ ಲ್ಯಾಪ್‌ಟಾಪ್‌ಗಳು ಅದೇ ಕ್ರಮವನ್ನು ಉಳಿಸಿಕೊಂಡಿವೆ. ಇಂಟರ್‌ನೆಟ್ಟಿನ ಮೂಲ ನಿಯಮಾವಳಿಗಳು ಹಿರಿಯದನ್ನೇ ಮೊದಲಿಡುತ್ತವೆ. ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೋಹೆನ್ 1980ರ ಏಪ್ರಿಲ್ 1ರಂದು ಬರೆದ ಟಿಪ್ಪಣಿಯೊಂದರಲ್ಲಿ ಈ ಎರಡು ಪಕ್ಷಗಳಿಗೆ ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಎಂಬ ಹೆಸರುಗಳನ್ನಿಟ್ಟು, ಯಾವುದನ್ನು ಆರಿಸಿಕೊಳ್ಳುತ್ತೇವೆ ಎನ್ನುವುದಕ್ಕಿಂತ ಎಲ್ಲರೂ ಒಂದನ್ನು ಒಪ್ಪಿಕೊಳ್ಳುವುದು ಮುಖ್ಯ ಎಂದು ವಾದಿಸಿದರು. ಒಪ್ಪಂದವೇನೂ ಆಗಲಿಲ್ಲ.

ಒಪ್ಪಂದವಾಗದಿರುವುದರ ಫಲವನ್ನು ನೋಡಬೇಕಾದರೆ ಪಂಪ್‌ಹೌಸಿಗೆ ಹೋಗಬೇಕು. ರೊಬಸ್ಟಾ ತಳಿಯ ಕಾಫಿ ತೋಟಗಳಲ್ಲಿ ಹೂಮಳೆ ಕೈಕೊಟ್ಟರೆ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಓಡಿಸಬೇಕಾಗುತ್ತದೆ, ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಓಡುವ ಆ ದಿನಗಳಲ್ಲಿ ವೋಲ್ಟೇಜಿನ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು. ಅಲ್ಲಿನ ಡಿಜಿಟಲ್ ಮೀಟರುಗಳಲ್ಲಿ ಹೆಚ್ಚಿನವು ಮಾತನಾಡುವುದು ಮಾಡ್‌ಬಸ್ ಎಂಬ ಭಾಷೆಯಲ್ಲಿ. 1979ರಲ್ಲಿ ಮೋಡಿಕಾನ್ ಸಂಸ್ಥೆ ಪ್ರಕಟಿಸಿದ ಈ ನಿಯಮಾವಳಿ ಒಂದೇ ಸಂದೇಶದಲ್ಲಿ ಎರಡು ಕ್ರಮಗಳನ್ನೂ ಇಟ್ಟುಕೊಂಡಿದೆ. ಮೊದಲ ರಿಜಿಸ್ಟರನ್ನು, ಅಂದರೆ ಮೀಟರು ಬೆಲೆಯನ್ನು ಇಟ್ಟುಕೊಳ್ಳುವ ಮೊದಲ ಖಾನೆಯನ್ನು, ಓದಲು ಕಳುಹಿಸುವ 01 03 00 00 00 01 84 0ಎ ಎಂಬ ಎಂಟು ಬೈಟ್‌ಗಳ ಕೋರಿಕೆಯನ್ನು ನೋಡಿ. ಎಷ್ಟು ರಿಜಿಸ್ಟರ್ ಬೇಕು ಎಂದು ಹೇಳುವ 00 01 ಹಿರಿಯದು ಮೊದಲಾಗಿದೆ. ಕೊನೆಯಲ್ಲಿ ಬರುವ ತಪಾಸಣಾ ಸಂಖ್ಯೆಯ ನಿಜವಾದ ಬೆಲೆ 0ಎ84, ಆದರೆ ಅದು ಕಿರಿಯದು ಮೊದಲಾಗಿ 84 0ಎ ಎಂದು ಸಾಗುತ್ತದೆ. ಇಡೀ ಸಂದೇಶಕ್ಕೆ ಒಂದೇ ಕ್ರಮವನ್ನು ಆರೋಪಿಸುವ ಪ್ರೋಗ್ರಾಮ್ ಇಲ್ಲಿಯೇ ಎಡವುತ್ತದೆ.

ಮಾಡ್‌ಬಸ್‌ನ ಒಂದು ರಿಜಿಸ್ಟರ್ ಎಂದರೆ ಎರಡು ಬೈಟ್. ವೋಲ್ಟೇಜನ್ನು ದಶಾಂಶ ಸಹಿತ ನಾಲ್ಕು ಬೈಟ್‌ಗಳ ಫ್ಲೋಟ್ ಆಗಿ ಕೊಡಬೇಕಾದರೆ ಎರಡು ರಿಜಿಸ್ಟರ್‌ಗಳನ್ನು ಜೋಡಿಸಬೇಕು. ಯಾವ ರಿಜಿಸ್ಟರ್ ಮೊದಲು ಎಂಬುದನ್ನು ನಿಯಮ ಹೇಳದ ಕಾರಣ ತಯಾರಕರು ತಮಗೆ ತೋಚಿದಂತೆ ಮಾಡಿದ್ದಾರೆ. 230 ವೋಲ್ಟ್ ಎಂಬುದು ಫ್ಲೋಟ್ ರೂಪದಲ್ಲಿ 43 66 00 00. ಕಿರಿಯ ರಿಜಿಸ್ಟರನ್ನು ಮೊದಲಿಡುವ ಮೀಟರ್ ಇದನ್ನು 00 00 43 66 ಎಂದು ಕಳುಹಿಸುತ್ತದೆ. ಹಾಗೆಯೇ ಓದಿದರೆ ದಶಾಂಶ ಬಿಂದುವಿನ ನಂತರ ನಲವತ್ತು ಸೊನ್ನೆಗಳಾದ ಮೇಲೆ ಅಂಕೆ ಕಾಣಿಸಿಕೊಳ್ಳುವಷ್ಟು ಚಿಕ್ಕ ಸಂಖ್ಯೆ ಸಿಗುತ್ತದೆ, ಪರದೆಯ ಮೇಲೆ ಅದು 0.00. ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾಗುವ ನಮ್ಮ ಕಡೆ ಸೊನ್ನೆ ವೋಲ್ಟ್ ಎಂದರೆ ಕರೆಂಟ್ ಹೋಗಿದೆ ಎಂದು ಯಾರೂ ಪ್ರಶ್ನಿಸದೆ ಒಪ್ಪಿಕೊಳ್ಳುತ್ತಾರೆ, ಮೋಟಾರ್ ಓಡುವ ಸದ್ದು ಕಿವಿಗೆ ಬಿದ್ದರೆ ಮಾತ್ರ ಅನುಮಾನ ಹುಟ್ಟೀತು. ಸರಿ, ತಿರುಗಿಸೋಣ ಎಂದು ನಾಲ್ಕೂ ಬೈಟ್‌ಗಳನ್ನು ತಿರುಗಿಸಿದರೆ 66 43 00 00, ಅದರ ಬೆಲೆ 23ರ ಮುಂದೆ ಇಪ್ಪತ್ತೆರಡು ಸ್ಥಾನಗಳು ಬರುವಷ್ಟು ದೊಡ್ಡದು. ಇಲ್ಲಿ ಬೇಕಾದುದು ರಿಜಿಸ್ಟರ್‌ಗಳ ಅದಲುಬದಲು: 43 66ನ್ನು ಬಿಡಿಸದೆ ಎತ್ತಿ ಮುಂದಕ್ಕಿಡಬೇಕು. ನಾಲ್ಕು ಬೈಟ್‌ಗಳಿಗೆ ಹೀಗೆ ಪೂರ್ತಿ ನೇರ, ಪೂರ್ತಿ ತಿರುವು, ರಿಜಿಸ್ಟರ್ ತಿರುವು, ರಿಜಿಸ್ಟರಿನೊಳಗಿನ ತಿರುವು ಎಂಬ ನಾಲ್ಕು ಕ್ರಮಗಳು ನಿಜವಾದ ಸಾಧನಗಳಲ್ಲಿಯೇ ಕಾಣಸಿಗುತ್ತವೆ. ಆದ್ದರಿಂದ ಯಾರಾದರೂ "ಬೈಟ್ ಕ್ರಮ ತಿರುಗಿಸಿದ್ದೇವೆ" ಎಂದಷ್ಟೇ ಹೇಳಿದರೆ ಅದು ಪೂರ್ಣ ಮಾಹಿತಿಯಲ್ಲ.

ಈ ಕೆಲಸವನ್ನು ಬಹಳಷ್ಟು ಮಂದಿ ಮಾಡುವುದು ಎಕ್ಸೆಲ್‌ನಲ್ಲಿ. ಅದರ ಮಿಡ್ ಸೂತ್ರದಿಂದ ಎರಡೆರಡು ಅಂಕೆಗಳನ್ನು ಕತ್ತರಿಸಿ, ಹಿಂದುಮುಂದಾಗಿ ಜೋಡಿಸಿ, ಹೆಕ್ಸ್‌ನಿಂದ ದಶಮಾನಕ್ಕೆ ತರುವ ಸೂತ್ರಕ್ಕೆ ಕೊಟ್ಟರೆ ಉತ್ತರ ಬರುತ್ತದೆ. ಆದರೆ ಹೆಕ್ಸ್ ಸಾಲು ಹಾಳೆಯೊಳಗೆ ಬರುವ ದಾರಿಯಲ್ಲಿಯೇ ಕೆಡುತ್ತದೆ. 0078 ಎಂಬುದನ್ನು ಹಾಳೆ ಸಂಖ್ಯೆಯೆಂದು ಭಾವಿಸಿ 78 ಎಂದು ಮೊಟಕುಗೊಳಿಸುತ್ತದೆ, ಅನಂತರ ಕತ್ತರಿಸಲು ಎರಡನೆಯ ಜೋಡಿಯೇ ಉಳಿದಿರುವುದಿಲ್ಲ. 03ಇ1 ಎಂದು ಬಂದರೆ ನಡುವಿನ ಇ ಅಕ್ಷರವನ್ನು ಹತ್ತರ ಘಾತವೆಂದು ಓದಿ ಮೂವತ್ತು ಎಂದು ತಿಳಿಯುತ್ತದೆ. ಅದರ ನಿಜವಾದ ಬೆಲೆ 993, ಒಂಬತ್ತು ಇಂಚು ತೊಂಬತ್ತಮೂರು ಸೆಂಟು. ಬರೀ ಅಂಕೆಗಳಿಂದ ಕೂಡಿದ ಹದಿನಾರು ಅಂಕೆಗಳ ಗುರುತುಸಂಖ್ಯೆಯಾದರೆ ಹದಿನೈದರ ನಂತರದ ಅಂಕೆ ಸೊನ್ನೆಯಾಗುತ್ತದೆ. ಇವೆಲ್ಲಕ್ಕೂ ಪರಿಹಾರ, ದತ್ತಾಂಶವನ್ನು ಅಂಟಿಸುವ ಮೊದಲೇ ಆ ಕಾಲಮ್ಮನ್ನು ಪಠ್ಯವೆಂದು ನಿಗದಿಪಡಿಸುವುದು. ಅಂಟಿಸಿದ ಮೇಲೆ ನಿಗದಿಪಡಿಸಿದರೆ ಕಳೆದುಹೋದ ಸೊನ್ನೆಗಳು ಮರಳುವುದಿಲ್ಲ. ಇನ್ನೊಂದು ಮಾತು, ಆ ಹೆಕ್ಸ್ ಸೂತ್ರ ಹತ್ತು ಅಂಕೆಗಳವರೆಗೆ ಮಾತ್ರ ಕೆಲಸ ಮಾಡುತ್ತದೆ ಮತ್ತು ನಾಲ್ಕು ಅಂಕೆಗಳ ಎಫ್‌ಎಫ್‌ಎಫ್‌ಎಫ್ ಎಂಬುದನ್ನು 65,535 ಎನ್ನುತ್ತದೆಯೇ ಹೊರತು ಮೈನಸ್ ಒಂದು ಎನ್ನುವುದಿಲ್ಲ. ಚಿಹ್ನೆಯನ್ನು ನಾವೇ ಲೆಕ್ಕ ಹಾಕಬೇಕು, ಅದೂ ತಿರುಗಿಸಿದ ನಂತರ.

ಪೈಥಾನ್ ಗೊತ್ತಿರುವವರಿಗೆ ನನ್ನ ಸಲಹೆ, ಹೆಕ್ಸ್ ಸಾಲನ್ನು ತಿರುಗಿಸಲೇಬೇಡಿ ಎಂಬುದು. ಸಾಲನ್ನು ಬೈಟ್‌ಗಳಾಗಿ ಪರಿವರ್ತಿಸಿ, ಅವುಗಳಿಂದ ಸಂಖ್ಯೆ ಮಾಡುವಾಗ ಲಿಟಲ್ ಅಥವಾ ಬಿಗ್ ಎಂದು ಕ್ರಮವನ್ನು ಹೆಸರಿಸಿ ಹೇಳುವ ಅವಕಾಶ ಆ ಭಾಷೆಯಲ್ಲಿಯೇ ಇದೆ. ತಿರುಗಿಸಿದ ಪಠ್ಯ ಎಲ್ಲಿಯೂ ಹುಟ್ಟದಿದ್ದರೆ, ಯಾವುದು ತಿರುಗಿಸಿದ್ದು ಯಾವುದು ಮೂಲ ಎಂಬ ಗೊಂದಲವೂ ಹುಟ್ಟುವುದಿಲ್ಲ. ಲಿನಕ್ಸ್ ಬಳಸುವವರು ಹೆಕ್ಸ್‌ಡಂಪ್ ಎಂಬ ಆಜ್ಞೆಯ ವಿಷಯದಲ್ಲಿ ಎಚ್ಚರವಾಗಿರಬೇಕು. ಯಾವ ಆಯ್ಕೆಯನ್ನೂ ಕೊಡದೆ ಓಡಿಸಿದರೆ ಅದು ಎರಡೆರಡು ಬೈಟ್‌ಗಳನ್ನು ಒಂದು ಸಂಖ್ಯೆಯೆಂದು ಭಾವಿಸಿ ತೋರಿಸುತ್ತದೆ, ಇಂಟೆಲ್ ವಂಶದ ಯಂತ್ರದಲ್ಲಿ 78 00 96 00 ಎಂಬ ಫೈಲು 0078 0096 ಎಂದು ಕಾಣುತ್ತದೆ. ಫೈಲಿನಲ್ಲಿ ಹಿರಿಯದೇ ಮೊದಲಿದೆ ಎಂದು ನಂಬಿ ಹೊರಟವರನ್ನು ತಪ್ಪುಗಾರರೆನ್ನಲಾಗದು. ದೊಡ್ಡಕ್ಷರದ ಸಿ ಆಯ್ಕೆಯೊಂದಿಗೆ ಓಡಿಸಿದರೆ ಬೈಟ್‌ಗಳು ಇದ್ದ ಕ್ರಮದಲ್ಲಿಯೇ ಕಾಣುತ್ತವೆ. ಎಕ್ಸ್‌ಎಕ್ಸ್‌ಡಿ ಎಂಬ ಇನ್ನೊಂದು ಆಜ್ಞೆಯ ಸಹಜ ರೂಪವೂ ಅದೇ.

ಕನ್ನಡ ಪಠ್ಯಕ್ಕೂ ಇದು ತಟ್ಟುತ್ತದೆ ಎಂಬುದು ಸ್ವಲ್ಪ ಹೊರಗಿನ ವಿಷಯವಾದರೂ ಬಿಡಲು ಮನಸ್ಸಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-16 ಪದ್ಧತಿಯಲ್ಲಿ ನಮ್ಮ ಪ್ರತಿಯೊಂದು ಅಕ್ಷರ, ಪ್ರತಿಯೊಂದು ಗುಣಿತ ಚಿಹ್ನೆ ಎರಡು ಬೈಟ್ ಹಿಡಿಯುತ್ತದೆ. "ಕೊಡಗು" ಎಂದು ಬರೆದರೆ 0ಸಿ95, 0ಸಿಸಿಎ, 0ಸಿಎ1, 0ಸಿ97, 0ಸಿಸಿ1 ಎಂಬ ಐದು ಸಂಕೇತಗಳು. ತಿರುಗಿಸಿ ಓದಿದರೆ 950ಸಿ, ಸಿಎ0ಸಿ, ಎ10ಸಿ, 970ಸಿ, ಸಿ10ಸಿ ಆಗುತ್ತವೆ, ಇವುಗಳಲ್ಲಿ ಎರಡು ಚೀನೀ ಲಿಪಿಯ ಭಾಗಕ್ಕೂ ಎರಡು ಕೊರಿಯನ್ ಲಿಪಿಯ ಭಾಗಕ್ಕೂ ಒಂದು ನೈಋತ್ಯ ಚೀನಾದ ಯಿ ಜನರ ಲಿಪಿಗೂ ಸೇರುತ್ತವೆ. ಇದನ್ನು ತಪ್ಪಿಸಲೆಂದೇ ಅಂಥ ಫೈಲುಗಳ ಆರಂಭದಲ್ಲಿ ಎಫ್‌ಇಎಫ್‌ಎಫ್ ಎಂಬ ಗುರುತನ್ನು ಇಡುತ್ತಾರೆ; ಅದು ಎಫ್‌ಎಫ್‌ಎಫ್‌ಇ ಎಂದು ಓದಿಸಿಕೊಂಡರೆ, ಆ ಸಂಕೇತಕ್ಕೆ ಯಾವ ಅಕ್ಷರವನ್ನೂ ಕೊಟ್ಟಿಲ್ಲವಾದ್ದರಿಂದ, ಕ್ರಮ ತಿರುಗಿದೆ ಎಂದು ತಿಳಿಯುತ್ತದೆ. ಯುಟಿಎಫ್-8ರಲ್ಲಿ ಬೈಟ್‌ಗಳ ಕ್ರಮ ಒಂದೇ ರೀತಿ ನಿಗದಿಯಾಗಿರುವುದರಿಂದ ಈ ಪ್ರಶ್ನೆಯೇ ಏಳುವುದಿಲ್ಲ. ಮಳೆಯ ಎಣಿಕೆಗೂ ಅಂಥದೊಂದು ಗುರುತು ಇದ್ದಿದ್ದರೆ ಎಂದು ಅನ್ನಿಸುತ್ತದೆ. ಇಲ್ಲದಿರುವುದರಿಂದ, ಹೊಸ ಸಾಧನವನ್ನು ಕಂಬಕ್ಕೇರಿಸುವ ಮೊದಲು ಮೇಜಿನ ಮೇಲಿಟ್ಟು ಅದರಿಂದ 1234 ಎಂಬ ಹೆಕ್ಸ್ ಬೆಲೆಯನ್ನು ಒಮ್ಮೆ ಕಳುಹಿಸಿಸಿ ನೋಡುವುದು ನನ್ನ ರೂಢಿ. ನಾಲ್ಕು ಬೈಟ್‌ಗಳ ಸಂಖ್ಯೆಯಾದರೆ 12345678. ಎಲ್ಲ ಬೈಟ್‌ಗಳೂ ಬೇರೆಬೇರೆಯಾಗಿರುವುದರಿಂದ ಯಾವ ತಿರುವೂ ಅಡಗಿಕೊಳ್ಳಲು ಜಾಗವಿರುವುದಿಲ್ಲ. ಸೊನ್ನೆಯಿಂದಲೋ ಒಂದರಿಂದಲೋ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಹಳೆಯ ದತ್ತಾಂಶದ ಮಾತು ಉಳಿಯಿತು. ಬೈಟ್‌ಗಳನ್ನು ಒಮ್ಮೆ ತಿರುಗಿಸಿದ್ದನ್ನು ಮತ್ತೊಮ್ಮೆ ತಿರುಗಿಸಿದರೆ ಮೂಲವೇ ಬರುತ್ತದೆ. ಸಾಧನದವರು ಸದ್ದಿಲ್ಲದೆ ಹೊಸ ಫರ್ಮ್‌ವೇರ್ (ಸಾಧನದೊಳಗಿನ ಪ್ರೋಗ್ರಾಮ್) ಹಾಕಿ ಕ್ರಮವನ್ನು ಸರಿಪಡಿಸಿದ ದಿನದಿಂದ, ನಮ್ಮ ಕಡೆಯ ಪ್ರೋಗ್ರಾಮ್ ಸರಿಯಾದುದನ್ನೇ ತಿರುಗಿಸಿ ಕೆಡಿಸುತ್ತಾ ಹೋಗುತ್ತದೆ. ಅದಕ್ಕಾಗಿಯೇ ಬಂದ ಹೆಕ್ಸ್ ಸಾಲನ್ನು ಮುಟ್ಟದೆ ಒಂದು ಕಾಲಮ್ಮಿನಲ್ಲಿ ಹಾಗೆಯೇ ಇಟ್ಟು, ಓದಿದ ಬೆಲೆಯನ್ನು ಇನ್ನೊಂದರಲ್ಲಿಯೂ ಯಾವ ಕ್ರಮದಲ್ಲಿ ಓದಿದೆ ಎಂಬುದನ್ನು ಮೂರನೆಯದರಲ್ಲಿಯೂ ಬರೆಯಬೇಕು. ಹಾಗೆ ಬರೆದಿಡದ ಹಳೆಯ ಕಡತ ಕೈಗೆ ಬಂದಾಗ, ಕ್ರಮ ಯಾವ ದಿನ ಬದಲಾಯಿತು ಎಂದು ಕಂಡುಹಿಡಿಯಲು ತೋಟದ ಮಳೆಪುಸ್ತಕದಷ್ಟು ನೆರವಾಗುವುದು ಬೇರೊಂದಿಲ್ಲ. ಗಾಜಿನ ಅಳತೆಪಾತ್ರೆಯಲ್ಲಿ ಬೆಳಿಗ್ಗೆ ಅಳೆದು ಪೆನ್ಸಿಲಿನಲ್ಲಿ ಬರೆದ ಅಂಕಿಗೂ ಮಾಪಕದ ಎಣಿಕೆಗೂ ಕೆಲವು ಸೆಂಟುಗಳ ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ 258 ಮತ್ತು 513ರ ನಡುವೆ ಯಾವುದು ನಿಜ ಎಂದು ಹೇಳಲು ಅಷ್ಟು ನಿಖರತೆ ಧಾರಾಳವಾಯಿತು. ಹವಾಮಾನ ಇಲಾಖೆಯ ಮಳೆದಿನದಂತೆ ಮಾಪಕದ ದಿನವೂ ಬೆಳಿಗ್ಗೆ ಎಂಟೂವರೆಗೆ ಮುಗಿಯುವಂತೆ ಹೊಂದಿಸಿಕೊಂಡಿದ್ದರೆ ಹೋಲಿಕೆ ಇನ್ನೂ ಸುಲಭ. ಬದಲಾವಣೆ ಜನವರಿಯಲ್ಲಿ ಆಗಿದ್ದರೆ ಮಾತ್ರ ಸರಿಯಾದ ದಿನ ಸಿಗುವುದಿಲ್ಲ, ಯಾಕೆಂದರೆ ಆಗ ಸಾಲುಗಟ್ಟಲೆ 00 00 ಮಾತ್ರ ಇರುತ್ತದೆ. ಆ ಸಾಲುಗಳನ್ನು ಹಳೆಯ ಕ್ರಮಕ್ಕೆ ಸೇರಿಸಿದರೂ ಹೊಸ ಕ್ರಮಕ್ಕೆ ಸೇರಿಸಿದರೂ ಮಳೆಯ ಮೊತ್ತ ಒಂದೇ ಆಗಿರುತ್ತದೆ.